ಎಡಮೂಲೆಯ ಬೆರಳು

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಶಾಲೆಯಲ್ಲಿ ಎರಡನೆಯ ಪ್ರಾರ್ಥನೆಯೊಂದು ನಡೆಯುತ್ತಿತ್ತು. ಅದು ಹತ್ತನೇ ತರಗತಿಯ ಕೋಣೆಯಲ್ಲಿ. ಅಲ್ಲಿನ ಗೋಡೆಗೆ ಮಂಚದಷ್ಟು ಅಗಲದ ಸ್ಮಾರ್ಟ್ ಬೋರ್ಡ್ ಕೂಡಿಸಿದ್ದರು. ನಾನು ಅದರ ಮುಂದೆ ತೋರುಬೆರಳು ಚಾಚಿ ನಿಲ್ಲಬೇಕು. ಮಕ್ಕಳು ಬೆನ್ನು ನೆಟ್ಟಗೆ ಮಾಡಿ, ಅದರೊಳಗಿಂದ ಏನೋ ಇಳಿದು ಬರುತ್ತಿದೆ ಎಂಬಂತೆ ನೋಡಬೇಕು. ಹೆಡ್‌ಮಾಸ್ತರು ಬಾಗಿಲ ಬಳಿ ನಿಂತು ನನ್ನ ಮೊಬೈಲಿನಲ್ಲಿ ಫೋಟೊ ಹೊಡೆಯುವರು.

"ಏ ತಮ್ಮಾ, ಮೂರನೇ ಬೆಂಚು, ಬಾಯಿ ಮುಚ್ಚಲೇ. ವಿದ್ಯಾ ಬಾಯಾಗಿಂದ ಹೊಕ್ಕೊಳ್ಳಾಕತ್ತೈತೇನು?"

ಎಲ್ಲರೂ ನಗುವರು. ನಗುವ ಫೋಟೊ ಬಂದರೆ ಇನ್ನೂ ಚಲೋ, 'ಸಂತಸ ಕಲಿಕೆ' ಎಂದು ಕೆಳಗೆ ಬರೆಯಬಹುದು. ಹತ್ತೂವರೆಯೊಳಗೆ ಆ ಫೋಟೊ ಇಲಾಖೆಯ ಆ್ಯಪಿಗೆ ಏರಿದರೆ ಆ ದಿನದ ಚೌಕ ಹಸಿರು, ಏರದಿದ್ದರೆ ಕೆಂಪು. ಬೋರ್ಡ್ ಕೆಟ್ಟು ತಿಂಗಳು ದಾಟಿತ್ತು. ಚೌಕಗಳೆಲ್ಲ ಹಸಿರಾಗಿದ್ದವು, ಆ ವರ್ಷ ನಮ್ಮ ಹೊಲಗಳಲ್ಲೂ ಅಷ್ಟು ಹಸಿರು ಇರಲಿಲ್ಲ.

ನಾನು ಅಲ್ಲಿ ವಿಜ್ಞಾನದ ಅತಿಥಿ ಶಿಕ್ಷಕ. ಅತಿಥಿ ಎಂಬ ಮಾತು ಕೇಳಿ ಮೋಸಹೋಗಬೇಡಿ. ಬೇರೆಯವರ ಅತಿಥಿಗಳು ಬಂದರೆ ಚಹಾ ಹೇಳಿಬರುವವನೂ ಈ ಅತಿಥಿಯೇ. ರೋಣದಿಂದ ಯಾವಗಲ್ ಕಡೆಗೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು, ಬಸ್ಸು ಬಾರದ ದಿನ ಯಾರದೋ ಟ್ರ್ಯಾಕ್ಟರಿನಲ್ಲಿ ಕುಲುಕಿಸಿಕೊಂಡು ಶಾಲೆ ಸೇರುತ್ತಿದ್ದೆ. ನನಗೆ ಬರುತ್ತಿದ್ದ ವಿದ್ಯೆಗಳು ಎರಡು: ಒಂದು ವಿಜ್ಞಾನ, ಇನ್ನೊಂದು ಕಂಡವರ ಧ್ವನಿ ತೆಗೆಯುವುದು. ಎರಡನೆಯದು ಹೆಚ್ಚು ಚೆನ್ನಾಗಿ ಬರುತ್ತಿತ್ತು ಎಂದು ಮಕ್ಕಳು ಹೇಳುತ್ತಿದ್ದರು. ಬಸ್ಸಿನ ಕಂಡಕ್ಟರು, ಮದುವೆಮನೆಯಲ್ಲಿ ಮೈಕು ಹಿಡಿದು ಬಿಡದ ಹಿರಿಯರು, ಬೋರ್ಡಿನೊಳಗಿನ ರೆಕಾರ್ಡು ಮಾಡಿದ ಪಾಠದ ಹೆಣ್ಣುಮಗಳು, ಯಾರನ್ನೂ ಬಿಟ್ಟವನಲ್ಲ. ಹೆಡ್‌ಮಾಸ್ತರ ದನಿಯಂತೂ ನನ್ನ ಹೆಮ್ಮೆ. ನನ್ನದೇ ದನಿ ಮಾತ್ರ ಅವರೆದುರು ನಿಂತಾಗ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಇಲಿಯೊಂದು ರಜೆ ಕೇಳಿದ ಹಾಗೆ ಕೇಳಿಸುತ್ತಿತ್ತು.

ಆ ಬೋರ್ಡ್ ಬಂದ ದಿನ ನಾನೇ ಮೊದಲು ಮೂಗು ಮುರಿದೆ. ಖಡು ಮತ್ತು ಕರಿಹಲಗೆ ಇರುವಾಗ ಇದೆಲ್ಲ ಯಾಕೆ, ಇಲ್ಲಿ ಕರೆಂಟು ಇರುವುದೇ ತನ್ನ ಮರ್ಜಿಗೆ ಎಂದು ಸಿಪಾಯಿಯ ಮುಂದೆ ಭಾಷಣ ಬಿಗಿದೆ. ಸಿಪಾಯಿ ಎಂದರೆ ನಮ್ಮಲ್ಲಿ ಗಂಟೆ ಹೊಡೆಯುವ, ಬೀಗ ತೆಗೆಯುವ, ಎಲ್ಲರ ಗುಟ್ಟೂ ಬಲ್ಲ ಐವತ್ತು ದಾಟಿದ ಗೃಹಸ್ಥ. ಅವನು ನನ್ನ ಭಾಷಣ ಕೇಳಿ, "ಸರ, ನೀವು ಹುಟ್ಟಿದ್ದು ಯಾವಾಗ್ರಿ? ನಮ್ಮ ಅಜ್ಜ ಮಾತಾಡಿದಂಗ ಆತು" ಎಂದ.

ನನ್ನ ಭಾಷಣ ಮರುದಿನವೇ ಸುಳ್ಳಾಯಿತು. ಸುಳ್ಳು ಮಾಡಿದವಳು ನಡುಸಾಲಿನ ಮೊದಲ ಬೆಂಚಿನ ಹುಡುಗಿ.

ಅವಳ ಕಣ್ಣು ಹುಟ್ಟಿನಿಂದಲೇ ಮಂದ. ದಪ್ಪ ಕನ್ನಡಕ ಹಾಕಿಯೂ ಒಂದು ಮೊಳದಾಚೆಯ ಅಕ್ಷರ ಕಾಣುತ್ತಿರಲಿಲ್ಲ, ಪುಸ್ತಕದ ಸಣ್ಣ ಚಿತ್ರಗಳ ಗೆರೆಗಳು ಹತ್ತಿರ ಹಿಡಿದರೂ ಒಂದರೊಳಗೊಂದು ಕಲೆತುಹೋಗುತ್ತಿದ್ದವು. ಇದಕ್ಕಿಂತ ಹೆಚ್ಚಿನ ಕನ್ನಡಕವಿಲ್ಲ ಎಂದು ದೊಡ್ಡ ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಹಲಗೆಯ ಮೇಲೆ ನಾವು ಬರೆದದ್ದನ್ನು ಅವಳು ಪಕ್ಕದವಳ ವಹಿಯಿಂದ ಬರೆದುಕೊಳ್ಳುತ್ತಿದ್ದಳು. ಆ ದಿನ ನಾನು ಬೋರ್ಡಿನಲ್ಲಿ ಹೃದಯದ ಚಿತ್ರ ತೆಗೆದು, ಎರಡು ಬೆರಳಿಟ್ಟು ಅಗಲಿಸಿದೆ. ಹೃದಯ ಹಿಗ್ಗಿ ಹಿಗ್ಗಿ ಎಮ್ಮೆಯದಕ್ಕಿಂತ ದೊಡ್ಡದಾಯಿತು. ಹುಡುಗಿ ಎದ್ದಳು, ಕೇಳದೆಯೇ ನಡೆದು ಬಂದಳು, ಬೋರ್ಡಿಗೆ ಮೂಗು ತಾಕುವಷ್ಟು ಹತ್ತಿರ ನಿಂತಳು.

"ಸರ, ಇದರಾಗ ನಾಕು ಖೋಲಿ ಅದಾವಲ್ರಿ!"

"ಮತ್ತ? ಎಷ್ಟು ಅನ್ಕೊಂಡಿದ್ದಿ?"

"ನಾ ಮೂರ ತಗದೀನ್ರಿ. ಈಕಿ ವಹಿ ನೋಡಿ."

ಪಕ್ಕದವಳು ಅಲ್ಲಿಂದಲೇ ಕೂಗಿದಳು. "ನಾಕನೇದು ಪುಟದಾಗ ಹಿಡಿಸಲಿಲ್ರಿ ಸರ!"

ಅಲ್ಲಿಂದ ಮೂರು ವಾರ ಆ ಹುಡುಗಿ ಬೇರೆಯೇ ಹುಡುಗಿ. ಪ್ರಶ್ನೆ ಕೇಳಿ ಕೇಳಿ ನನ್ನ ಬೆವರಿಳಿಸಿದಳು. ಕೆಲವಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ. ಬಸ್ಸಿನ ಕಂಡಕ್ಟರನ ದನಿಯಲ್ಲಿ "ಮುಂದ ನಡೀರಿ, ಮುಂದ ನಡೀರಿ" ಎಂದು ಪಾರಾಗುತ್ತಿದ್ದೆ. ಬೋರ್ಡಿನ ಮೇಲಿದ್ದ ನನ್ನ ಸಿಟ್ಟನ್ನು ನಾನೇ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಆಮೇಲೆ ದಸರೆಯ ಸೂಟಿ ಬಂತು. ಸೂಟಿ ಬಿಡುವ ಹಿಂದಿನ ದಿನ ಶಾಲೆಯಲ್ಲಿ ಆಯುಧ ಪೂಜೆ. ಹೆಡ್‌ಮಾಸ್ತರು ಮಡಿ ಉಟ್ಟು ಸ್ವತಃ ಪೂಜೆ ಮಾಡುವರು. ಗಂಟೆ, ಕಬ್ಬಿಣದ ಕಪಾಟು, ಚೆಂಡಿಗೆ ಗಾಳಿ ಹೊಡೆಯುವ ಪಂಪು, ಪ್ರಯೋಗಾಲಯದ ಒಡೆಯದೆ ಉಳಿದ ಗಾಜು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಬೋರ್ಡಿನ ನಾಲ್ಕೂ ಮೂಲೆಗೆ ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿದರು. "ಹಿಂಗ ಹಚ್ಚಿದರ ಮುಂದಿನ ವರ್ಷದ ತನಕಾ ಅಳ್ಳಾಡೂದಿಲ್ಲ ನೋಡ್ರಿ" ಎಂದರು ಅಭಿಮಾನದಿಂದ. ಪೂಜೆಯದನ್ನು ಮುಂದಿನ ಪೂಜೆಯವರೆಗೆ ಒರಸಬಾರದು ಎಂಬುದು ನಮ್ಮಲ್ಲಿಯ ರೂಢಿ. ಆಫೀಸಿನ ಕಪಾಟಿನ ಮೇಲೆ ಹಿಂದಿನ ಹೆಡ್‌ಮಾಸ್ತರ ಕಾಲದ ಕುಂಕುಮ ಪದರುಗಟ್ಟಿ ಕೂತಿದೆ. ನಾನು ತಟ್ಟೆ ಹಿಡಿದುಕೊಂಡು ಅವರ ಹಿಂದೆಯೇ ಸುತ್ತಿದೆ, ಬೆನ್ನ ಹಿಂದೆ ಅವರ ಮಂತ್ರದ ದನಿ ತೆಗೆದು ಮಕ್ಕಳನ್ನು ನಗಿಸಿದೆ. ಚುರುಮುರಿ ತಿಂದು ಮನೆಗೆ ಹೋದೆ.

ಸೂಟಿ ಮುಗಿಸಿ ಬಂದರೆ ಬೋರ್ಡಿಗೆ ಬುದ್ಧಿ ಕೆಟ್ಟಿತ್ತು. ಬರೆಯಲು ಹೋದರೆ ನಾನೆಲ್ಲಿ ಮುಟ್ಟಿದರೂ ಅಲ್ಲಿಂದ ಕೆಳಗಿನ ಎಡಮೂಲೆಗೆ ಗಾಳಿಪಟದ ದಾರದ ಹಾಗೆ ಗೆರೆಯೊಂದು ಓಡುತ್ತಿತ್ತು. ಚಿತ್ರದ ಮೇಲೆ ಒಂದೇ ಬೆರಳಿಟ್ಟರೂ ಚಿತ್ರ ಹಿಗ್ಗುವುದು, ಕುಗ್ಗುವುದು, ಸಾಸಿವೆಯಷ್ಟಾಗಿ ಮೂಲೆಗೆ ಜಾರುವುದು. ಹೃದಯ ತೆಗೆದರೆ ಅದು ಕಣ್ಣೆದುರೇ ಬಡಿದುಕೊಳ್ಳುತ್ತಿತ್ತು. ಪಾಠಕ್ಕೆ ಅಷ್ಟು ಜೀವ ಬರುವುದು ಬೇಕಿರಲಿಲ್ಲ.

"ಅದಕ್ಕ ಗಾಳಿ ಸೋಂಕೈತ್ರಿ ಸರ" ಎಂದರು ಮಕ್ಕಳು.

ಹೆಡ್‌ಮಾಸ್ತರು ಬಂದು ನೋಡಿದರು. "ಯಾರೂ ಮುಟ್ಟಬ್ಯಾಡ್ರಿ. ಕೆಟ್ಟರ ಯಾರು ಹೊಣಿ?"

"ಕೆಟ್ಟೈತಲ್ರಿ ಸರ."

"ಕೆಟ್ಟಿದ್ದು ಇನ್ನೂ ಕೆಟ್ಟರ?" ಎಂದರು. ಸ್ವಲ್ಪ ಯೋಚಿಸಿ, "ಫೋಟೊ ಮಾತ್ರ ಬಿಡಬ್ಯಾಡ್ರಿ. ಚಾಲೂ ಅಂತೂ ಆಗ್ತೈತಲ್ಲ" ಎಂದರು. ಎರಡನೆಯ ಪ್ರಾರ್ಥನೆ ಹುಟ್ಟಿದ್ದು ಹೀಗೆ.

ಅದೇ ವಾರ ನರಗುಂದದಲ್ಲಿ ತಂತ್ರಜ್ಞಾನದ ತರಬೇತಿ ಇತ್ತು. ಕೇಳಿ ಬರೋಣ ಎಂದು ಹೋದೆ. ತರಬೇತಿದಾರರು ಪರದೆಯ ಮೇಲೆ ಇದ್ದುದನ್ನು ನಮಗೆ ಓದಿ ಹೇಳಿದರು. ನಮಗೂ ಓದಲು ಬರುತ್ತದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ನಾನು ಕೈ ಎತ್ತಿ ಎಡಮೂಲೆಯ ಕಥೆ ಹೇಳಿದೆ. "ಒಳ್ಳೆಯ ಪ್ರಶ್ನೆ, ಗ್ರೂಪಿನಲ್ಲಿ ಹಾಕಿ" ಎಂದರು. ಹಾಕಿದೆ. ಅದರ ಕೆಳಗೆ ಧನ್ಯವಾದಗಳು ಸರ್, ಅತ್ಯುತ್ತಮ ತರಬೇತಿ ಸರ್, ಕೈ ಮುಗಿದ ಚಿತ್ರ, ಇನ್ನೊಂದು ಕೈ ಮುಗಿದ ಚಿತ್ರ. ನನ್ನ ಪ್ರಶ್ನೆ ಮೇಲೆ ಮೇಲೆ ಹೋಗಿ ಕಣ್ಮರೆಯಾಯಿತು. ನಾನೂ ಒಂದು ಕೈ ಮುಗಿದ ಚಿತ್ರ ಹಾಕಿ ಬಸ್ಸು ಹತ್ತಿದೆ.

ಭಾನುವಾರ ಗಜೇಂದ್ರಗಡಕ್ಕೆ ಹೋದೆ. ಅಲ್ಲಿ ಟೀವಿ, ಮಿಕ್ಸಿ, ಏನು ಕೊಟ್ಟರೂ ರಿಪೇರಿ ಮಾಡುವವರೊಬ್ಬರಿದ್ದಾರೆ ಎಂದು ಕೇಳಿದ್ದೆ. ಮೊಬೈಲಿನಲ್ಲಿ ಬೋರ್ಡಿನ ಹುಚ್ಚಾಟದ ವಿಡಿಯೊ ತೋರಿಸಿದೆ.

"ವಿಡಿಯೋ ನೋಡಿ ಹೇಳಾಕ ನಾನೇನು ಜ್ಯೋತಿಷಿ ಅದೀನೇನ್ರಿ? ಇಲ್ಲೆ ತರ್ರಿ."

"ಗ್ವಾಡಿಗೆ ಹೊಡದಾರ್ರಿ."

"ಹಂಗಾರ ಗ್ವಾಡಿ ಸಮೇತ ತರ್ರಿ" ಎಂದು ಮಿಕ್ಸಿಯೊಳಗೆ ತಲೆ ಹಾಕಿದರು. ಪುಣ್ಯಾತ್ಮ, ಒಂದು ದಾರಿ ಮಾತ್ರ ತೋರಿಸಿದರು. ಇನ್ನೂ ವಾರಂಟಿ ಇರಬೇಕು, ಸಹಾಯವಾಣಿಗೆ ಫೋನ್ ಮಾಡಿ ಎಂದರು.

ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ನಾಲ್ಕು ಒತ್ತಿ, ಮತ್ತೆ ಕೇಳಲು ಒಂಬತ್ತು ಒತ್ತಿ. ಒತ್ತಿ ಒತ್ತಿ ಕೊನೆಗೆ ಒಂದು ಜೀವಂತ ಹೆಣ್ಣು ದನಿ ಬಂತು.

"ನಮಸ್ಕಾರ ಸರ್, ಹೇಳಿ ಸರ್. ಯಾವಾಗಿನಿಂದ ಸಮಸ್ಯೆ ಸರ್?"

"ದಸರಾ ಸೂಟಿ ಮುಗದಾಗಿಂದ್ರಿ."

ಕೀಲಿಮಣೆಯ ಟಕಟಕ ಕೇಳಿಸಿತು. "ಸರ್, ನಿಮ್ಮ ಶಾಲೆಯ ಬೋರ್ಡ್ ಪ್ರತಿದಿನ ಬಳಕೆಯಲ್ಲಿದೆ ಅಂತ ತೋರಿಸ್ತಿದೆ ಸರ್. ನಿನ್ನೆ ಫೋಟೊ ಕೂಡ ಇದೆ. ಮಕ್ಕಳು ತುಂಬ ಖುಷಿಯಾಗಿದ್ದಾರೆ ಸರ್."

ಆ ಫೋಟೊದಲ್ಲಿ ಬೆರಳು ಚಾಚಿ ನಿಂತಿದ್ದವನು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಕೆಟ್ಟಿದೆ ಎಂದು ಬರೆಸಿಕೊಂಡರೆ ಈವರೆಗಿನ ಹಸಿರು ಚೌಕಗಳೆಲ್ಲ ಸುಳ್ಳು. ಸುಳ್ಳಿಗೆ ಉತ್ತರ ಕೊಡಬೇಕಾದವರು ಹೆಡ್‌ಮಾಸ್ತರು, ಮನೆಗೆ ಹೋಗಬೇಕಾದವನು ಅತಿಥಿ. "ಸಾರಿ ರಾಂಗ್ ನಂಬರ್" ಎಂದೆ. ಅದನ್ನು ಯಾರ ದನಿಯಲ್ಲಿ ಹೇಳಿದೆನೋ ನೆನಪಿಲ್ಲ.

ಈ ನಡುವೆ ಹುಡುಗಿಯ ಅಪ್ಪ ಶಾಲೆಗೆ ಬಂದರು. ಊರಲ್ಲಿ ಅವರದು ಕಿರಾಣಿ ಅಂಗಡಿ. ಒಳಗೆ ಬಂದು ಕೂತುಕೊಳ್ಳಲೂ ಒಲ್ಲದೆ, ಬೋರ್ಡಿನ ಮುಂದೆ ಕೈ ಹಿಂದೆ ಕಟ್ಟಿ ನಿಂತು ಅದನ್ನು ನೋಡಿದರು.

"ನನ್ನ ಅಂಗಡ್ಯಾಗಿನ ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರ ಮಧ್ಯಾಹ್ನದೊಳಗ ರೋಣದಿಂದ ಮನಷಾ ಬರ್ತಾನ್ರಿ ಸರ. ಇಷ್ಟು ದೊಡ್ಡ ಬೋರ್ಡಿಗೆ ಯಾರೂ ಇಲ್ಲೇನ್ರಿ?"

"ಪ್ರಯತ್ನ ಮಾಡಾಕತ್ತೀವ್ರಿ ಯಜಮಾನ್ರ."

"ಮಾಡ್ರಿ. ಆದರ ಕೇಳ್ರಿ. ಈ ತಿಂಗಳ ಪರೀಕ್ಷಾದಾಗೂ ಹೋದ ಸಲದಂಗ ಆದರ ನಾ ಆಕಿನ್ನ ಬಿಡಸ್ತೀನಿ. ಸಿಟ್ಟಿಲೆ ಹೇಳಾಕತ್ತಿಲ್ರಿ. ದಿನಾ ಬಂದು ಕಾಣದ ಹಲಗಿ ಮುಂದ ಕುಂದ್ರೂದು ಆಕಿಗೂ ಶಿಕ್ಷಾ. ನನ್ನ ತಕ್ಕಡಿ ಮುಂದ ಕುಂತರ ಅಂಕಿ ಆದರೂ ದೊಡ್ಡವು ಕಾಣ್ತಾವ."

ಹುಡುಗಿ ಬೆಂಚಿನಲ್ಲಿ ತಲೆ ತಗ್ಗಿಸಿ ವಹಿಯ ಮೂಲೆ ಮಡಚುತ್ತಿದ್ದಳು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಮರುದಿನ ನಾನು ಇನ್ನೊಂದು ಉಪಾಯ ತೆಗೆದೆ. ಕರಿಹಲಗೆಯ ಮೇಲೆ ಬರೆದು, ಅದರ ಫೋಟೊ ಹೊಡೆದು, ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಅವಳು ಅಕ್ಷರ ದೊಡ್ಡದು ಮಾಡಿಕೊಂಡು ಸರಸರ ಬರೆದುಕೊಂಡಳು. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ನಾನು ಕುಡಿದವನ ದನಿ ತೆಗೆದದ್ದನ್ನು ಗೆಳೆಯನೊಬ್ಬ ಹಿಡಿದು ಕಳಿಸಿದ್ದ ರೆಕಾರ್ಡು ಅವಳ ಬೆರಳು ತಾಗಿ ತರಗತಿಯಲ್ಲಿ ಮೊಳಗಿತು. ಹೆಡ್‌ಮಾಸ್ತರು ಓಡಿ ಬಂದರು.

"ಮಕ್ಕಳ ಕೈಯಾಗ ಮೊಬೈಲ್ ಕೊಡಬಾರ್ದು ಅಂತ ಸುತ್ತೋಲಿ ಬಂದೈತ್ರಿ. ನೋಡಿಲ್ಲೇನು?"

"ಎಲ್ಲೆ ಬಂದೈತ್ರಿ ಸರ?"

"ಮೊಬೈಲ್‌ನ್ಯಾಗ."

ಅವರು ಹೋದ ಮೇಲೆ ನಾನು ರೂಢಿಯಂತೆ ಅವರ ದನಿ ತೆಗೆದು ಅದೇ ಮಾತು ಹೇಳಿದೆ. ಎಲ್ಲರೂ ಬೆಂಚು ಬಡಿದು ನಕ್ಕರು. ಹುಡುಗಿ ನಗಲಿಲ್ಲ.

"ಬರೋಬರಿ ಬರಲಿಲ್ರಿ ಸರ" ಎಂದಳು.

"ಏನವ್ವಾ, ನನ್ನ ವಿದ್ಯಾಕ್ಕೇ ಕೈ ಹಾಕಿದಿ?"

"ಹೆಡ್ ಸರ್ ಸಿಗಬಿದ್ದಾಗ ಮೊದಲ ಎರಡ ಸಲ ಕೆಮ್ಮತಾರ್ರಿ. ಆಮ್ಯಾಲೆ ಮಾತು. ನೀವು ಕೆಮ್ಮು ಬಿಡ್ತೀರಿ." ಯಾರ ಮುಖವೂ ಸರಿಯಾಗಿ ಕಾಣದವಳು ಕಿವಿಯಿಂದಲೇ ಎಲ್ಲರನ್ನೂ ಹಿಡಿದಿಟ್ಟುಕೊಂಡಿದ್ದಳು. ಆಮೇಲೆ ಸಣ್ಣಗೆ ಇನ್ನೊಂದು ಮಾತು ಸೇರಿಸಿದಳು. "ಮತ್ತ ಸರ, ನೀವು ಎಲ್ಲಾರಂಗ ಮಾತಾಡ್ತೀರಿ. ಹಲಗಿ ಮ್ಯಾಲೆ ಬರಿಯೂ ಮುಂದ ಮಾತ್ರ ಸುಮ್ಮನಾಗಿ ಬಿಡ್ತೀರಿ."

ನನ್ನ ಕೈಯಲ್ಲಿದ್ದ ಖಡು ಅಲ್ಲೇ ನಿಂತಿತು. ಇಷ್ಟು ದಿನ ಬೋರ್ಡು, ಇಲಾಖೆ, ಸಹಾಯವಾಣಿ ಎಂದು ಬೈಯುತ್ತಿದ್ದವನು, ಬರೆಯುವುದನ್ನು ಬಾಯಲ್ಲಿ ಹೇಳುವ ಪುಕ್ಕಟೆ ಉಪಾಯವೊಂದನ್ನು ಮಾಡಿರಲಿಲ್ಲ. ಇಪ್ಪತ್ತು ಜನರ ದನಿ ಬರುವ ಬಾಯಿ. ಅಂದಿನಿಂದ ಬರೆದದ್ದನ್ನೆಲ್ಲ ಕೂಗಿ ಹೇಳುತ್ತ ಬರೆದೆ. ವ್ಯಾಖ್ಯೆಗಳನ್ನು ಕಂಡಕ್ಟರನ ದನಿಯಲ್ಲಿ, ಸೂತ್ರಗಳನ್ನು ಮದುವೆಮನೆಯ ಹಿರಿಯರ ದನಿಯಲ್ಲಿ. ಅವಳ ವಹಿ ತುಂಬತೊಡಗಿತು. ಆದರೆ ಆ ತಿಂಗಳ ಪಾಠ ಬೆಳಕು. ಮಸೂರ, ಅದರೊಳಗೆ ಬಾಗುವ ಕಿರಣ, ಆಚೆಗೆ ತಲೆಕೆಳಗಾಗಿ ನಿಲ್ಲುವ ಬಿಂಬ. ಕಿರಣ ಎಲ್ಲಿ ಬಾಗುತ್ತದೆ ಎಂಬುದನ್ನು ಎಷ್ಟು ದನಿಯಲ್ಲಿ ಹೇಳಿದರೂ ಅವಳು ಗೆರೆ ಎಳೆದಾಗ ಅದು ತಪ್ಪಿ ಬೇರೆ ಊರಿಗೆ ಹೋಗುತ್ತಿತ್ತು. ಪರೀಕ್ಷೆ ಮುಂದಿನ ಸೋಮವಾರ.

ಗುರುವಾರ ಬೆಳಿಗ್ಗೆ ಫೋಟೊ ಮುಗಿಯಿತು. ಮಕ್ಕಳು ಆಟದ ಪಿರಿಯಡ್ಡಿಗೆ ಹೊರಗೋಡಿದರು. ಹುಡುಗಿ ಮಾತ್ರ ಬೋರ್ಡಿನ ಹತ್ತಿರ ಹೋಗಿ ನಿಂತಳು. ಅದರಲ್ಲಿ ಚಾಲೂ ಆದಾಗ ಬರುವ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಮೂಗನ್ನು ಗಾಜಿಗೆ ಆನಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ, ಮೇಲಿಂದ ಕೆಳಗೆ ಸರಿಯುತ್ತ ಬಂದಳು.

"ಸರ, ಇಲ್ಲೆ ಯಾರೋ ಬೆರಳ ಇಟ್ಟಾರ್ರಿ."

"ಎಲ್ಲೆ?"

"ಇಲ್ಲೆ, ಎಡಕ್ಕ, ಕೆಳಗ. ಬಿಳೀ ಬೆರಳು."

ಹೋಗಿ ಬಗ್ಗಿ ನೋಡಿದೆ. ಬೋರ್ಡಿನ ಚೌಕಟ್ಟು ಗಾಜಿಗೆ ಕೂಡುವಲ್ಲಿ ಸಣ್ಣ ಸಂದು. ಉಳಿದ ಮೂರು ಮೂಲೆಗಳ ವಿಭೂತಿ ಚೌಕಟ್ಟಿನ ಹೊರಗೇ ಇತ್ತು. ಎಡಮೂಲೆಯದು ಮಾತ್ರ ಇಳಿದು ಸಂದಿನಲ್ಲಿ ಸೇರಿ ಒಣಗಿ ಕಲ್ಲಾಗಿತ್ತು, ನಡುವೆ ಚೆಂಡುಹೂವಿನ ಒಂದು ತೊಟ್ಟು. ಆ ಬೋರ್ಡುಗಳ ಅಂಚಿನ ತುಂಬ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳು ಅಡ್ಡಡ್ಡ ಹಾಯುತ್ತಿರುತ್ತವೆ. ಬೆರಳಿಟ್ಟರೆ ಅದು ಕಿರಣವನ್ನು ತಡೆಯುತ್ತದೆ, ಎಲ್ಲಿ ತಡೆಯಿತು ಎಂಬುದರಿಂದ ಬೋರ್ಡಿಗೆ ಬೆರಳು ಗೊತ್ತಾಗುತ್ತದೆ. ದಸರೆಯಿಂದ ಎಡಮೂಲೆಯಲ್ಲಿ ಹಗಲೆಲ್ಲ ಒಂದು ಬೆರಳು ಇದ್ದೇ ಇತ್ತು. ನಾನು ಒಂದಿಟ್ಟರೆ ಅದಕ್ಕೆ ಎರಡು. ಎರಡು ಬೆರಳೆಂದರೆ ಹಿಗ್ಗಿಸು, ಕುಗ್ಗಿಸು. ಬೋರ್ಡು ಹೇಳಿದ್ದನ್ನು ನಿಯತ್ತಾಗಿ ಮಾಡುತ್ತಿತ್ತು. ಬೆಳಕಿನ ಪಾಠ ಹೇಳುತ್ತಿದ್ದವನು ನಾನು; ನರಗುಂದ, ಗಜೇಂದ್ರಗಡ ಸುತ್ತಿದವನು ನಾನು; ಒಂದು ಗೇಣಿನಿಂದ ನೋಡಿದವಳು ಅವಳೊಬ್ಬಳೇ.

ಒರಸಲು ಬಟ್ಟೆ ಹುಡುಕುತ್ತಿದ್ದಾಗಲೇ ಹೆಡ್‌ಮಾಸ್ತರು ಬಂದರು. ವಿಷಯ ಹೇಳಿದೆ. ಅವರು ಎರಡು ಸಲ ಕೆಮ್ಮಿದರು.

"ಪೂಜಿ ಮಾಡಿದ್ದನ್ನ ನಡುವ ಒರಸೂದಾ?"

"ಸರ, ಅದರಿಂದನ ಬೋರ್ಡ್ ಕೆಟ್ಟೈತ್ರಿ."

"ದೇವರ ಭಸ್ಮದಿಂದ ಕೆಟ್ಟೈತಿ ಅಂತ ಬಾಯಿ ಬಿಟ್ಟು ಹೇಳಬ್ಯಾಡ್ರಿ, ಊರಾಗ ಬದುಕಬೇಕು ನಾವು. ಎಳ್ಳಮಾಸಿ ಬಂತು. ಅವತ್ತ ಕಾಯಿ ಒಡದು, ಕೈ ಮುಗದು ಒರಸೋಣು."

ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆಗೆ ಇನ್ನೂ ಎಂಟು ದಿನವಿತ್ತು. ಸೋಮವಾರಕ್ಕೆ ನಾಲ್ಕೇ. ನಾನು ಪರೀಕ್ಷೆಯ ಮಾತು ಎತ್ತಿದೆ, ಹುಡುಗಿಯ ಅಪ್ಪನ ಮಾತು ಎತ್ತಿದೆ. ಇಲಿಯ ದನಿಯಲ್ಲಿ ಎತ್ತಿದ್ದರಿಂದ ಅದು ಅವರ ಕಿವಿಗೆ ಮುಟ್ಟಲಿಲ್ಲ. ಹೇಳದೆ ಒರಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಕೇಳಲು ಹೋಗಿ ಕೆಟ್ಟೆ.

ಶುಕ್ರವಾರ ಅವರು ಮೀಟಿಂಗಿಗೆ ಹೋದರು. ಇದೇ ಸಮಯ ಎಂದು ನಾನು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಸಿಪಾಯಿಗೆ ಫೋನ್ ಹಚ್ಚಿದೆ. ಹೆಡ್‌ಮಾಸ್ತರ ದನಿ, ನನ್ನ ಜೀವಮಾನದ ಹೆಮ್ಮೆಯ ದನಿ, ಅದರಲ್ಲೇ ಹೇಳಿದೆ. "ಏ, ಹತ್ತನೇ ಕ್ಲಾಸಿನ ಬೋರ್ಡಿನ ಎಡಮೂಲ್ಯಾಗಿನ ವಿಭೂತಿ ಒರಸಿ ಬಿಡಪಾ. ನಾ ಹೇಳೀನಿ ಅಂತ ಒರಸು."

ಆ ಕಡೆ ಸಿಪಾಯಿ ಮೂಗಿನಲ್ಲೇ ನಕ್ಕ ಸದ್ದು. ಆಮೇಲೆ, "ಸರ, ಕೆಮ್ಮು ಮರತ್ರಿ."

"ಆಂ?"

"ಮತ್ತ ಮೊಬೈಲ್ ಮ್ಯಾಲೆ ನಿಮ್ಮ ಹೆಸರ ಬಂದೈತ್ರಿ."

ಹುಟ್ಟಿದಾಗಿನಿಂದ ಕಲಿತ ವಿದ್ಯೆಯನ್ನು ಅಂಗೈಯಷ್ಟು ಪರದೆ ಒಂದೇ ಏಟಿಗೆ ನೆಲಕ್ಕೆ ಕೆಡವಿತು. ತರಗತಿಗೆ ಬಂದರೆ ಸಿಪಾಯಿ ಬಾಗಿಲಿಗೆ ಒರಗಿ ನಿಂತು ಮಕ್ಕಳಿಗೆ ಈ ಕಥೆಯನ್ನು ಹೇಳಿ ಮುಗಿಸಿದ್ದ, ನನ್ನ ದನಿಯನ್ನೂ ತೆಗೆದು ತೋರಿಸಿದ್ದ. ಚೆನ್ನಾಗಿಯೇ ತೆಗೆದಿದ್ದನಂತೆ.

"ಒರಸಪಾ ನೀನಾದರೂ" ಎಂದೆ ನನ್ನದೇ ದನಿಯಲ್ಲಿ.

"ನಾ ಒಲ್ಲೆರಿ. ಹೆಡ್ ಸರ್ ಕಡೆಯಿಂದ ಬೈಸಿಕೊಳ್ಳಬಹುದು, ದೇವರ ಕಡೆಯಿಂದ ಹ್ಯಾಂಗ್ರಿ?"

ನನಗೂ ಕೈ ಮುಂದೆ ಹೋಗಲಿಲ್ಲ. ವಿಜ್ಞಾನದ ಮಾಸ್ತರನ ಕೈ, ಹಿಂದಿನ ದಿನ ಒರಸಲು ಬಟ್ಟೆ ಹುಡುಕಿದ್ದ ಕೈ. ಆದರೂ ಹೋಗಲಿಲ್ಲ, ನಿಜ ಹೇಳಬೇಕು.

ಆಗ ಹುಡುಗಿ ಎದ್ದಳು. ಮೂಲೆಯ ನೀರಿನ ಕೊಡದಲ್ಲಿ ವೇಲಿನ ತುದಿ ಅದ್ದಿ ಹಿಂಡಿದಳು. ಬೋರ್ಡಿನ ಪಕ್ಕ ಮಂಡಿಯೂರಿ, ಎಡಮೂಲೆಯ ಸಂದಿಗೆ ತುದಿಯನ್ನು ಒತ್ತಿ ಹಿಡಿದು, ವಿಭೂತಿ ಮೆತ್ತಗಾಗುವ ತನಕ ಕಾದಳು. ಒರಸಿ ಎಸೆಯಲಿಲ್ಲ. ಉಗುರಿನಿಂದ ಚೂರೂ ಬೀಳದ ಹಾಗೆ ಅಂಗೈಗೆ ತೆಗೆದುಕೊಂಡು, ಬೆರಳಲ್ಲಿ ಮೂರು ಗೆರೆ ಎಳೆದು ತನ್ನ ಹಣೆಗೆ ಹಚ್ಚಿಕೊಂಡಳು. ಹೂವಿನ ತೊಟ್ಟನ್ನು ಮುಡಿಗೆ ಸಿಕ್ಕಿಸಿದಳು.

"ಕೆಳಗ ಬೀಳಬಾರ್ದು, ಅಷ್ಟ ಅಲ್ರಿ? ಬೀಳಲಿ‌ಲ್ಲ."

ಸಿಪಾಯಿ ಬಾಗಿಲಲ್ಲೇ ಚಪ್ಪಲಿ ಕಳಚಿದ. ಆಮೇಲೆ ಬಂದು ಅವಳ ಅಂಗೈಯಿಂದ ತಾನೂ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡ. ನನ್ನ ಹಣೆಗೂ ಬಂತು. ಹಿಂದಿನ ಬೆಂಚಿನವರಿಗೆ ಸಾಲಲಿಲ್ಲ.

ಬೋರ್ಡನ್ನು ಆರಿಸಿ ಮತ್ತೆ ಹಚ್ಚಿದೆವು. ಮಸೂರದ ಚಿತ್ರ ತೆಗೆದು ನಾನು ಒಂದು ಬೆರಳಿಟ್ಟೆ, ಚಿತ್ರ ಅಲುಗಲಿಲ್ಲ. ಎರಡು ಬೆರಳಿಟ್ಟು ಅಗಲಿಸಿದೆ. ಹಿಗ್ಗಿ ಗೋಡೆ ತುಂಬಿತು. ಹುಡುಗಿ ಕಿರಣದ ಮೇಲೆ ಬೆರಳಿಟ್ಟು ಅದರ ಜೊತೆಗೇ ನಡೆದಳು. ಮಸೂರದೊಳಗೆ ಹೋಗಿ, ಬಾಗಿ, ಆಚೆ ಬಂದಳು. "ಇಲ್ಲೆ ಬಾಗತೈತಿ!" ಎಂದಳು, ಯಾರೋ ತನ್ನಿಂದ ಇಷ್ಟು ದಿನ ಮುಚ್ಚಿಟ್ಟಿದ್ದರು ಎಂಬ ಹಾಗೆ. ಆ ದಿನ ಗಣಿತದವರ ಪಿರಿಯಡ್ಡನ್ನೂ ಬೇಡಿ ಪಡೆದು ಸಂಜೆಯ ಗಂಟೆಯವರೆಗೆ ಬೆಳಕಿನ ಪಾಠವೇ ನಡೆಯಿತು.

ಫೋಟೊ ಹೊಡೆಯುವುದು ಯಾರಿಗೂ ನೆನಪಾಗಲಿಲ್ಲ.

ಶನಿವಾರ ಹೆಡ್‌ಮಾಸ್ತರು ಬಂದವರು ಮೂಲೆ ನೋಡಿದರು.

"ಕಾಯಿ ಒಡೀದನ ಒರಸಿದ್ರಿ?"

"ಒರಸಿಲ್ರಿ ಸರ, ಹಚ್ಚಿಕೊಂಡೇವ್ರಿ" ಎಂದಳು ಹುಡುಗಿ. ಅವರು ಅವಳ ಹಣೆ ನೋಡಿದರು. ಹಿಂದಿನ ದಿನದ್ದು ತುಸು ಉಳಿದಿತ್ತು. "ಹೂಂ" ಎಂದರು. ಅವರಿಗೂ ಹಗುರಾದಂತೆ ಕಂಡಿತು. ಅಷ್ಟರಲ್ಲಿ ಅವರ ಮೊಬೈಲು ಗುಂಯ್ ಎಂದಿತು. ಶುಕ್ರವಾರದ ಚೌಕ ಕೆಂಪಾಗಿತ್ತು. 'ಸದರಿ ದಿನಾಂಕದಂದು ಸ್ಮಾರ್ಟ್ ಬೋರ್ಡ್ ಬಳಸದೇ ಇರುವುದಕ್ಕೆ ಕಾರಣವನ್ನು ಮೂರು ದಿನದೊಳಗೆ ಸಲ್ಲಿಸುವುದು.'

ಸೋಮವಾರ ಪರೀಕ್ಷೆ ನಡೆಯಿತು. ಅವಳ ಕಿರಣ ಬಾಗಬೇಕಾದಲ್ಲೇ ಬಾಗಿತ್ತು. ಮಂಗಳವಾರ ಬೆಳಿಗ್ಗೆ ಅವಳ ಅಪ್ಪ ಉತ್ತರಪತ್ರಿಕೆಯನ್ನು ಮುಂದೆ ಹಿಂದೆ ತಿರುವಿ ನೋಡಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. "ತಕ್ಕಡಿ ಮುಂದ ನಾನ ಕುಂದ್ರತೀನಿ ತಗೋರಿ" ಎಂದಷ್ಟೇ ಹೇಳಿ ಹೋದರು.

ಮಧ್ಯಾಹ್ನ ಕಾರಣ ಸಲ್ಲಿಸಬೇಕಿತ್ತು. ಬಳಸಿದ್ದೆವು ಎಂದರೆ ಫೋಟೊ ಎಲ್ಲಿ ಎನ್ನುತ್ತಾರೆ. ಅಂದೇ ರಿಪೇರಿಯಾಯಿತು ಎಂದರೆ ಅದಕ್ಕೂ ಹಿಂದಿನ ಹಸಿರು ಚೌಕಗಳಲ್ಲಿ ನಾನೇ ಬೆರಳು ಚಾಚಿ ನಿಂತಿದ್ದೇನೆ. "ಕರೆಂಟ್ ಇರಲಿಲ್ಲ ಅಂತ ಬರದು ಕಳಸ್ರಿ, ಮುಗೀತು" ಎಂದರು ಹೆಡ್‌ಮಾಸ್ತರು. ಆಫೀಸಿನ ಕಂಪ್ಯೂಟರು ಚಾಲೂ ಆಗಲಿಲ್ಲ. ಹತ್ತನೇ ತರಗತಿಗೆ ಹೋಗಿ ಬೋರ್ಡಿನ ಮೇಲೆಯೇ ಪತ್ರ ತೆಗೆದು ಬೆರಳಲ್ಲಿ ಟೈಪು ಮಾಡಿದೆ. 'ಮಾನ್ಯರೇ, ಶುಕ್ರವಾರ ಶಾಲೆಯಲ್ಲಿ ದಿನವಿಡೀ ವಿದ್ಯುತ್ ಇಲ್ಲದ ಕಾರಣ.' ಅಭ್ಯಾಸಬಲದಿಂದ ಅಕ್ಷರ ದೊಡ್ಡದು ಮಾಡಿಕೊಂಡಿದ್ದೆ.

ಮೊದಲ ಬೆಂಚಿನಲ್ಲಿ ಕುಳಿತೇ ಅವಳು ಅದನ್ನು ಓದಿದಳು.

"ಸರ, ಶುಕ್ರವಾರ ಕರೆಂಟ ಇತ್ತಲ್ರಿ."

ಮಕ್ಕಳೆಲ್ಲ ತಲೆ ಎತ್ತಿ ಬೋರ್ಡಿನತ್ತ ತಿರುಗಿದರು. ನಾನು ಎರಡು ಸಲ ಕೆಮ್ಮಿದೆ. ಇಷ್ಟು ದಿನ ಬಾರದಿದ್ದ ಕೆಮ್ಮು, ಅಂದು ಬರೋಬರಿ ಬಂತು.